400 ಸಾಲಿನ ಮೆಥಡ್ ಅನ್ನು ಎಲ್ಲಿ ಬಿಡಿಸಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡೆವಲಪರ್ ಆಗಿದ್ದೇನೆ. ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಜಾವಾದಲ್ಲಿರುವ ನಮ್ಮ ‘ಕ್ರಿಯೇಟ್‌ಇನ್‌ವಾಯ್ಸ್’ ಮೆಥಡ್ (ಒಂದು ಹೆಸರಿನಡಿ ಒಟ್ಟಿಗಿಟ್ಟು, ಬೇಕಾದಾಗ ಕರೆಯುವ ಕೋಡ್) ಸುಮಾರು 400 ಸಾಲು ಇದೆ. ಅದರಲ್ಲಿನ ಸ್ಕೀಮ್ ರಿಯಾಯಿತಿಯ ಭಾಗವನ್ನು ವರ್ಷಗಳಿಂದ ಯಾರೂ ಮುಟ್ಟಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳು ಬದಲಾದಾಗ ಅದರಲ್ಲಿ ಎಲ್ಲೆಲ್ಲಿ ಕೈ ಹಾಕಬೇಕೆಂದು ಹುಡುಕುವುದರಲ್ಲೇ ಬಹಳ ಸಮಯ ಹೋಯಿತು. ಸಣ್ಣ ಮೆಥಡ್‌ಗಳಾಗಿ ಒಡೆಯೋಣ ಎಂದರೆ ನಮ್ಮ ಹಿರಿಯರು ‘ಓಡುತ್ತಿರುವ ಕೋಡ್ ಮುಟ್ಟಬೇಡ’ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ‘ಮೆಥಡ್‌ಗಳು ಹೆಚ್ಚಾದರೆ ವೇಗ ತಗ್ಗುತ್ತದೆ, ಓದುವಾಗಲೂ ಅಲ್ಲಿಂದಿಲ್ಲಿಗೆ ಓಡಾಡಬೇಕಾಗುತ್ತದೆ’ ಎನ್ನುತ್ತಾರೆ. ಒಂದು ಮೆಥಡ್ ಎಷ್ಟು ಸಾಲು ಇರಬೇಕು? ಎಲ್ಲಿ ಒಡೆಯಬೇಕು? ಹೆಸರು ಹೇಗಿಡಬೇಕು? ಮೆಥಡ್‌ನ ಪ್ರತಿಯನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಮೆಥಡ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಅದನ್ನು ಬರೆದವರ ಬಗ್ಗೆ ಕಠಿಣವಾಗಿ ಮಾತನಾಡಲು ನನಗೆ ಕಾರಣ ಕಾಣಲಿಲ್ಲ. ಅದರೊಳಗಿನ ಬಹುತೇಕ ಎಲ್ಲ ‘ಇಫ್’ಗಳ ಹಿಂದೆಯೂ ಯಾವುದೋ ವ್ಯಾಪಾರಿಯ ನಿಜವಾದ ಅಗತ್ಯವಿದೆ: ಒಬ್ಬರಿಗೆ ಸಾಗಣೆ ವೆಚ್ಚವನ್ನು ಬೇರೆಯಾಗಿ ತೋರಿಸಬೇಕಿತ್ತು, ಇನ್ನೊಬ್ಬರಿಗೆ ಸ್ಕೀಮ್ ರಿಯಾಯಿತಿಯನ್ನು ತೆರಿಗೆಗೆ ಮೊದಲೇ ಕಳೆಯಬೇಕಿತ್ತು, ಮತ್ತೊಬ್ಬರಿಗೆ ಬಿಲ್ಲಿನ ಮೊತ್ತ ಪೂರ್ಣ ರೂಪಾಯಿಯಲ್ಲಿ ಬರಬೇಕಿತ್ತು. ಪ್ರತಿ ಸಲವೂ ಇದ್ದ ಮೆಥಡ್‌ಗೇ ನಾಲ್ಕು ಸಾಲು ಸೇರಿಸುವುದು ಆ ಹೊತ್ತಿಗೆ ಎಲ್ಲಕ್ಕಿಂತ ಸುರಕ್ಷಿತ ದಾರಿಯಾಗಿ ಕಂಡಿರುತ್ತದೆ. ಉದ್ದದ ಮೆಥಡ್‌ಗಳು ಹೆಚ್ಚಾಗಿ ಬೆಳೆಯುವುದು ಹೀಗೆಯೇ. ಅವುಗಳಲ್ಲಿ ವರ್ಷಗಟ್ಟಲೆ ಕೂಡಿಬಂದ ವ್ಯವಹಾರಜ್ಞಾನ ಅಡಗಿರುತ್ತದೆ, ಅದರಲ್ಲಿ ಒಂದು ಕಾಳೂ ಚೆಲ್ಲದಂತೆ ಬಿಡಿಸಿ ಇಡುವುದು ನಿಮ್ಮ ಮುಂದಿರುವ ಕೆಲಸ.

ಎಷ್ಟು ಸಾಲು ಎಂಬ ಪ್ರಶ್ನೆಗೆ ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆರಾರ್ಡ್ ಹೋಲ್ಜ್‌ಮನ್ ಅವರು, ಜೀವಹಾನಿಗೆ ಎಡೆಯಾಗಬಹುದಾದಂಥ ಕೋಡ್‌ಗಾಗಿ 2006ರಲ್ಲಿ ಪ್ರಕಟಿಸಿದ ಹತ್ತು ನಿಯಮಗಳಲ್ಲಿ, ಒಂದು ಫಂಕ್ಷನ್ (ಮೆಥಡ್‌ನಂಥದ್ದೇ) ಒಂದೇ ಹಾಳೆಯಲ್ಲಿ ಮುದ್ರಿಸಲು ಬರುವಷ್ಟಿರಬೇಕು, ಅಂದರೆ ಸುಮಾರು 60 ಸಾಲನ್ನು ಮೀರಬಾರದು ಎಂದಿದ್ದಾರೆ. ಜಾವಾ ಕೋಡ್ ಪರಿಶೀಲಿಸುವ ಚೆಕ್‌ಸ್ಟೈಲ್ ಉಪಕರಣ ತನ್ನ ಮೂಲ ಸೆಟ್ಟಿಂಗ್‌ನಲ್ಲಿ 150 ಸಾಲಿನವರೆಗೆ ಸುಮ್ಮನಿರುತ್ತದೆ. ರೂಬಿ ಭಾಷೆಯ ರುಬೊಕಾಪ್ 10 ಸಾಲು ದಾಟಿದ ಕೂಡಲೇ ತಕರಾರು ಎತ್ತುತ್ತದೆ. ಲಿನಕ್ಸ್ ಕರ್ನಲ್‌ನ ಕೋಡಿಂಗ್ ಶೈಲಿಯ ದಾಖಲೆ ಒಂದು ಫಂಕ್ಷನ್ 24 ಸಾಲಿನ ಪರದೆಯ ಒಂದೆರಡು ತುಂಬುವಷ್ಟಿರಲಿ ಎನ್ನುತ್ತದೆಯಾದರೂ, ಸರಳವಾದ ಆದರೆ ಉದ್ದನೆಯ ಒಂದೇ ಕೇಸ್ ಪಟ್ಟಿ ಇರುವ ಫಂಕ್ಷನ್ ಉದ್ದವಾಗಿದ್ದರೂ ಅಡ್ಡಿಯಿಲ್ಲ ಎಂದೂ ಸೇರಿಸುತ್ತದೆ. ಹತ್ತರಿಂದ ನೂರೈವತ್ತರವರೆಗೆ ಹರಡಿಕೊಂಡಿರುವ ಈ ಅಂಕಿಗಳಲ್ಲಿ ಯಾವುದನ್ನು ಹಿಡಿದರೂ ನಿಮ್ಮ 400 ಸಾಲು ಹೆಚ್ಚೇ. ಆದರೆ ಎಲ್ಲಿ ಒಡೆಯಬೇಕೆಂಬುದನ್ನು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ. ಆ ಮೆಥಡ್ ಅನ್ನು ನೂರು ನೂರು ಸಾಲಿನ ನಾಲ್ಕು ಭಾಗ ಮಾಡಿ ‘ಪಾರ್ಟ್1’, ‘ಪಾರ್ಟ್2’ ಎಂದು ಹೆಸರಿಟ್ಟರೆ ಚೆಕ್‌ಸ್ಟೈಲ್ ಸುಮ್ಮನಾಗುತ್ತದೆ, ಓದುವವರ ಕಷ್ಟ ಮಾತ್ರ ಮೊದಲಿಗಿಂತ ಹೆಚ್ಚುತ್ತದೆ.

ನಾನು ಅನುಸರಿಸುವ ಅಳತೆ ಇದು: ಕೋಡ್‌ನ ಯಾವ ತುಂಡಿಗೆ ಪ್ರಾಮಾಣಿಕವಾದ, ಪೂರ್ಣವಾದ ಹೆಸರು ಸಿಗುತ್ತದೆಯೋ, ಮತ್ತು ಆ ಹೆಸರನ್ನು ಓದಿದವರು ಒಳಗೆ ಇಣುಕದೆ ಮುಂದೆ ಹೋಗಬಹುದೋ, ಅಲ್ಲಿ ಒಡೆಯಬೇಕು. ಹೆಸರು ಸಿಗದಿದ್ದರೆ ತುಂಡು ಮಾಡಿದ ಜಾಗ ತಪ್ಪಿದೆ ಎಂದು ತಿಳಿಯಬೇಕು. ಹೀಗಾಗಿ ಒಡೆಯುವ ಕೆಲಸ ಮತ್ತು ಹೆಸರಿಡುವ ಕೆಲಸ ನನಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ.

ನಿಮ್ಮ ಕೋಡ್‌ನಿಂದಲೇ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಮಾರುವವರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ (ಅದು ರಾಜ್ಯದ ಕೋಡ್) ಮತ್ತು ಕೊಳ್ಳುವವರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಒಂದೇ ಆಗಿವೆಯೇ ಎಂದು ನೋಡಿ, ಒಂದೇ ಆಗಿದ್ದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ಮಾರಾಟಕ್ಕೆ ಕೇಂದ್ರದ ಮತ್ತು ರಾಜ್ಯದ ಪಾಲು), ಇಲ್ಲದಿದ್ದರೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) ಎಂದು ತೀರ್ಮಾನಿಸುವ ಷರತ್ತು ನಿಮ್ಮ ಮೆಥಡ್‌ನಲ್ಲಿ ಮೂರು ಕಡೆ ಬಂದಿದೆ. ಕರ್ನಾಟಕದ ಕೋಡ್ 29 ಆದ್ದರಿಂದ ಒಂದು ಕಡೆಯಂತೂ ನೇರವಾಗಿ ‘29’ ಎಂದೇ ಬರೆದಿದ್ದಾರೆ. ಮೊದಲನೆಯದು ಸರಕಿನ ಪ್ರತಿ ಸಾಲಿನ ತೆರಿಗೆಗೆ, ಎರಡನೆಯದು ಸಾಗಣೆ ವೆಚ್ಚದ ಮೇಲಿನ ತೆರಿಗೆಗೆ, ಮೂರನೆಯದು ಬಿಲ್ ಮುದ್ರಿಸುವಾಗ ಯಾವ ಕಾಲಂ ತೋರಿಸಬೇಕೆಂದು ನಿರ್ಧರಿಸುವುದಕ್ಕೆ. ಮೇಲ್ನೋಟಕ್ಕೆ ಮೂರೂ ಒಂದೇ. ಸಾಲು ಸಾಲಾಗಿ ಹೋಲಿಸಿದರೆ ಮೂರೂ ಬೇರೆ.

ಮೊದಲನೆಯ ಷರತ್ತಿನಲ್ಲಿ, ಕೊಳ್ಳುವವರು ವಿಶೇಷ ಆರ್ಥಿಕ ವಲಯದ (ಎಸ್‌ಇಝಡ್) ಘಟಕವೇ ಎಂಬ ಪರೀಕ್ಷೆಯೂ ಇದೆ. ಅದು ಸರಿ, ಐಜಿಎಸ್‌ಟಿ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಎಸ್‌ಇಝಡ್ ಘಟಕಕ್ಕೆ ಮಾಡುವ ಪೂರೈಕೆ, ಅದೇ ರಾಜ್ಯದೊಳಗೆ ನಡೆದರೂ, ಅಂತರರಾಜ್ಯ ಪೂರೈಕೆಯೇ. ಎರಡನೆಯ ಷರತ್ತಿನಲ್ಲಿ ಆ ಪರೀಕ್ಷೆ ಇಲ್ಲ. ಆದ್ದರಿಂದ ಬೆಂಗಳೂರಿನ ಒಂದು ಎಸ್‌ಇಝಡ್ ಘಟಕಕ್ಕೆ ನಿಮ್ಮ ಗ್ರಾಹಕರು ಬಿಲ್ ಮಾಡಿದರೆ, ಸರಕಿನ ಮೇಲೆ ಐಜಿಎಸ್‌ಟಿಯೂ ಅದೇ ಬಿಲ್ಲಿನ ಸಾಗಣೆ ವೆಚ್ಚದ ಮೇಲೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯೂ ಬೀಳುತ್ತವೆ. ಮೂರನೆಯ ಷರತ್ತು ಕೊಳ್ಳುವವರ ನಂಬರ್ ಬಿಟ್ಟು ಸರಕು ತಲುಪುವ ವಿಳಾಸದ ರಾಜ್ಯವನ್ನು ನೋಡುತ್ತದೆ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಸರಕು ಕೊಂಡು, ಅದನ್ನು ನೇರವಾಗಿ ಕೊಲ್ಹಾಪುರದಲ್ಲಿರುವ ತಮ್ಮ ಗಿರಾಕಿಗೆ ಕಳುಹಿಸಿ ಎಂದು ಹೇಳಿದರೆ, ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಮಾರುವವರಿಗೂ ಹುಬ್ಬಳ್ಳಿಯವರಿಗೂ ನಡುವಿನ ಆ ಪೂರೈಕೆಯ ಸ್ಥಳ ಹುಬ್ಬಳ್ಳಿಯವರ ಮುಖ್ಯ ವ್ಯವಹಾರ ಸ್ಥಳವೇ ಹೊರತು ಕೊಲ್ಹಾಪುರವಲ್ಲ. ನಿಮ್ಮ ಲೆಕ್ಕದ ಭಾಗ ಇದನ್ನು ಸರಿಯಾಗಿ ಮಾಡಿ, ಮುದ್ರಣದ ಭಾಗ ಐಜಿಎಸ್‌ಟಿ ಕಾಲಂ ತೆರೆದು ಅದನ್ನು ಖಾಲಿ ಬಿಡುತ್ತದೆ.

ಈ ತಪ್ಪುಗಳನ್ನು ಇಷ್ಟು ದಿನ ಯಾರೂ ಗಮನಿಸದಿರಲು ಕಾರಣ ಮೂರು ಷರತ್ತುಗಳ ನಡುವೆ ನೂರಕ್ಕೂ ಹೆಚ್ಚು ಸಾಲುಗಳ ಅಂತರ ಇರುವುದು. ಯಾವ ಪರದೆಯಲ್ಲಿಯೂ ಎರಡು ಒಟ್ಟಿಗೆ ಕಾಣುವುದಿಲ್ಲ. ಜೊತೆಗೆ ಆ ಷರತ್ತುಗಳು ತಮ್ಮ ಉದ್ದೇಶವನ್ನು ಹೇಳುವುದಿಲ್ಲ. ‘ಸಬ್‌ಸ್ಟ್ರಿಂಗ್ ಸೊನ್ನೆಯಿಂದ ಎರಡು’ (ಮೊದಲ ಎರಡು ಅಕ್ಷರ ತೆಗೆಯುವ ಆಜ್ಞೆ) ಎಂದು ಓದಿದವರು ಅಂಕಿಗಳ ಹೋಲಿಕೆಯನ್ನು ನೋಡುತ್ತಾರೆ, ಕಾನೂನಿನ ಪ್ರಶ್ನೆಯನ್ನು ನೋಡುವುದಿಲ್ಲ. ಅದೇ ತುಂಡು ‘ಇಸ್‌ಇಂಟರ್‌ಸ್ಟೇಟ್‌ಸಪ್ಲೈ’ ಎಂಬ ಹೆಸರಿನ ಮೆಥಡ್ ಆಗಿದ್ದರೆ, ಎರಡನೇ ಸಲ ಅದೇ ಪ್ರಶ್ನೆ ಎದುರಾದವರು ಅದನ್ನೇ ಕರೆಯುತ್ತಿದ್ದರು, ಮತ್ತು ತೆರಿಗೆ ಬಲ್ಲವರು ಯಾರಾದರೂ ಆ ಹೆಸರನ್ನು ಕಂಡು ‘ಎಸ್‌ಇಝಡ್ ಇದರಲ್ಲಿ ಬಂತೇ?’ ಎಂದು ಕೇಳಬಹುದಿತ್ತು. ಒಳ್ಳೆಯ ಹೆಸರು ಓದುವವರಲ್ಲಿ ಸರಿಯಾದ ಪ್ರಶ್ನೆಯನ್ನು ಹುಟ್ಟಿಸುತ್ತದೆ. ನನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಇರುವುದಕ್ಕೂ ಅದೇ ಕಾರಣ. ಅಂದಚೆಂದದ ಮಾತು ಆಮೇಲಿನದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಿಫ್ಯಾಕ್ಟರಿಂಗ್ ಎಂದರೆ ಪ್ರೋಗ್ರಾಂನ ನಡವಳಿಕೆಯನ್ನು ಬದಲಿಸದೆ ಅದರ ಒಳರಚನೆಯನ್ನು ಬದಲಿಸುವುದು. ವಿಲಿಯಂ ಆಪ್‌ಡೈಕ್ 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಹೆಚ್ಚಿನ ಗಮನ ಕೊಟ್ಟಿದ್ದು ಇದಕ್ಕೇ: ಪ್ರತಿಯೊಂದು ಬದಲಾವಣೆಗೂ ಮುನ್ನ ಯಾವ ಷರತ್ತುಗಳು ಪೂರೈಸಿದ್ದರೆ ನಡವಳಿಕೆ ಹಾಗೆಯೇ ಉಳಿಯುತ್ತದೆ ಎಂಬುದಕ್ಕೆ. ಆದ್ದರಿಂದ ಆ ಮೂರು ಷರತ್ತುಗಳನ್ನು ಒಂದೇ ಏಟಿಗೆ ಒಂದು ಮೆಥಡ್‌ಗೆ ಸೇರಿಸಬೇಡಿ. ಮೊದಲು ಮೂರನ್ನೂ ಅವು ಇರುವಂತೆಯೇ ಮೂರು ಮೆಥಡ್‌ಗಳಾಗಿ ಹೊರತೆಗೆದು, ಅವುಗಳ ವ್ಯತ್ಯಾಸ ಎದ್ದು ಕಾಣುವಂತೆ ಒಂದರ ಕೆಳಗೊಂದು ಇಡಿ. ಎರಡನೆಯದಕ್ಕೆ ‘ಇಸ್‌ಇಂಟರ್‌ಸ್ಟೇಟ್‌ಇಗ್ನೋರಿಂಗ್‌ಎಸ್‌ಇಝಡ್’ ಎಂಬಂಥ ಒಡ್ಡೊಡ್ಡಾದ ಹೆಸರು ಬಂದರೂ ಸದ್ಯಕ್ಕೆ ಇರಲಿ, ಏಕೆಂದರೆ ಅದು ಸತ್ಯ ಹೇಳುತ್ತದೆ. ಆಮೇಲೆ ನಿಮ್ಮ ಅಕೌಂಟೆಂಟ್ ಅವರಿಗೆ ತೋರಿಸಿ, ಅವರು ಹೌದು ಎಂದ ಮೇಲೆ, ಮೂರನ್ನೂ ಒಂದಾಗಿಸುವ ತಿದ್ದುಪಡಿಯನ್ನು ಬೇರೆಯದೇ ಕಮಿಟ್ (ಒಟ್ಟಿಗೆ ದಾಖಲಿಸುವ ಬದಲಾವಣೆಗಳ ಗುಂಪು) ಆಗಿ ಮಾಡಿ. ಒಳರಚನೆಯ ಬದಲಾವಣೆ ಮತ್ತು ನಡವಳಿಕೆಯ ಬದಲಾವಣೆ ಒಂದೇ ಕಮಿಟ್‌ನಲ್ಲಿ ಬೆರೆತರೆ, ನಾಳೆ ಒಂದು ಬಿಲ್ಲಿನ ಮೊತ್ತ ಬೇರೆ ಬಂದಾಗ ಅದಕ್ಕೆ ಕಾರಣ ಯಾವುದೆಂದು ಹೇಳಲು ಯಾರಿಗೂ ಆಗುವುದಿಲ್ಲ. ನಿಮ್ಮ ಹಿರಿಯರು ಭಯಪಡುವುದು ಇದಕ್ಕೇ, ಆ ಭಯ ನ್ಯಾಯವಾದದ್ದು.

ಅವರ ಭಯಕ್ಕೆ ಸರಿಯಾದ ಉತ್ತರ ಟೆಸ್ಟ್‌ಗಳು. ನಿಮ್ಮಲ್ಲಿ ಈ ಮೆಥಡ್‌ಗೆ ಟೆಸ್ಟ್ ಇಲ್ಲ. ಇಷ್ಟು ಉದ್ದದ ಮೆಥಡ್‌ಗೆ ಭಾಗಭಾಗವಾಗಿ ಟೆಸ್ಟ್ ಬರೆಯುವುದು ಈಗ ಸಾಧ್ಯವೂ ಇಲ್ಲ. ಅದರ ಬದಲು, ಡೇಟಾಬೇಸ್‌ನಲ್ಲಿರುವ ಹಳೆಯ ಆರ್ಡರ್‌ಗಳಲ್ಲಿ ವೈವಿಧ್ಯ ಇರುವಂಥವನ್ನು ಆರಿಸಿ, ಹೆಸರು ಮತ್ತು ನಂಬರ್‌ಗಳನ್ನು ಮರೆಮಾಚಿ, ಈಗಿನ ಕೋಡ್ ಅವಕ್ಕೆ ಕೊಡುವ ಇನ್‌ವಾಯ್ಸ್‌ಗಳನ್ನು ಫೈಲ್‌ಗಳಲ್ಲಿ ಉಳಿಸಿಕೊಳ್ಳಿ. ಪ್ರತಿ ಬದಲಾವಣೆಯ ನಂತರ ಅವೇ ಆರ್ಡರ್‌ಗಳನ್ನು ಮತ್ತೆ ಓಡಿಸಿ, ಫಲಿತಾಂಶ ಪೈಸೆ ಪೈಸೆಗೂ ಹೊಂದುತ್ತದೆಯೇ ನೋಡಿ. ಈಗಿನ ಉತ್ತರ ಸರಿಯೋ ತಪ್ಪೋ ಎಂಬುದನ್ನು ಈ ಟೆಸ್ಟ್ ಕೇಳುವುದಿಲ್ಲ, ಬದಲಾಗಿಲ್ಲ ಎಂಬುದನ್ನಷ್ಟೇ ಕಾಯುತ್ತದೆ. ಎಸ್‌ಇಝಡ್ ಬಿಲ್, ತೆರಿಗೆ ವಿನಾಯಿತಿ ಇರುವ ಸರಕು, ನೂರಕ್ಕೆ ನೂರು ರಿಯಾಯಿತಿಯ ಉಚಿತ ವಸ್ತು, ವಾಪಸು ಬಂದ ಸರಕಿನ ಕ್ರೆಡಿಟ್ ನೋಟ್, ಸರಿಯಾಗಿ 50 ಪೈಸೆಗೆ ಬಂದು ನಿಲ್ಲುವ ಮೊತ್ತ, ಇವೆಲ್ಲ ಆ ಸಂಗ್ರಹದಲ್ಲಿ ಇರಲೇಬೇಕು. ನಿಮ್ಮ ಮೆಥಡ್ ನಡುವೆ ಎರಡು ಕಡೆ ಇಂದಿನ ದಿನಾಂಕವನ್ನು ಕಂಪ್ಯೂಟರ್ ಗಡಿಯಾರದಿಂದ ನೇರವಾಗಿ ಕೇಳುತ್ತದೆ. ಟೆಸ್ಟ್ ಇಂದೂ ನಾಳೆಯೂ ಒಂದೇ ಉತ್ತರ ಕೊಡಬೇಕಾದರೆ ಆ ದಿನಾಂಕವನ್ನು ಪ್ಯಾರಾಮೀಟರ್ ಆಗಿ ಹೊರಗಿನಿಂದ ಕೊಡುವಂತೆ ಮೊದಲು ಮಾಡಿಕೊಳ್ಳಬೇಕು.

ಒಡೆಯಲು ಕುಳಿತಾಗ ಮೊದಲ ಅಡ್ಡಿ ವೇರಿಯೇಬಲ್‌ಗಳಿಂದ ಬರುತ್ತದೆ. ನಿಮ್ಮಲ್ಲಿ ‘ಟೋಟಲ್’ ಎಂಬ ಒಂದೇ ವೇರಿಯೇಬಲ್ ಮೊದಲು ರಿಯಾಯಿತಿಗೆ ಮುಂಚಿನ ಮೊತ್ತ, ಆಮೇಲೆ ತೆರಿಗೆಗೆ ಒಳಪಡುವ ಮೌಲ್ಯ, ಆಮೇಲೆ ತೆರಿಗೆ ಸೇರಿದ ಮೊತ್ತ, ಕೊನೆಗೆ ರೂಪಾಯಿಗೆ ಸರಿಪಡಿಸಿದ ಮೊತ್ತ. ನಾಲ್ಕು ಅರ್ಥ, ಒಂದು ಹೆಸರು. ಇದರ ನಡುವಿನಿಂದ ಯಾವ ತುಂಡನ್ನು ಹೊರತೆಗೆದರೂ ಅದು ‘ಟೋಟಲ್’ ಅನ್ನು ಒಳಗೆ ತೆಗೆದುಕೊಂಡು, ಬದಲಿಸಿ, ಹೊರಗೆ ಕೊಡುವ ಮೆಥಡ್ ಆಗುತ್ತದೆ, ಮತ್ತು ಅದರ ಹೆಸರಲ್ಲಿ ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ಆದ್ದರಿಂದ ಮೆಥಡ್ ಒಡೆಯುವ ಮೊದಲು ಈ ವೇರಿಯೇಬಲ್ ಅನ್ನು ಒಡೆಯಿರಿ: ‘ಗ್ರಾಸ್‌ಟೋಟಲ್’, ‘ಟ್ಯಾಕ್ಸಬಲ್‌ವ್ಯಾಲ್ಯೂ’, ‘ಟೋಟಲ್‌ವಿತ್‌ಟ್ಯಾಕ್ಸ್’, ‘ಪೇಯಬಲ್’ ಎಂದು ನಾಲ್ಕು ಮಾಡಿ, ಪ್ರತಿಯೊಂದಕ್ಕೂ ಒಮ್ಮೆ ಮಾತ್ರ ಬೆಲೆ ಕೊಡಿ. ಜಾವಾದ ‘ಫೈನಲ್’ ಪದವನ್ನು ಅವುಗಳ ಮುಂದೆ ಹಾಕಿದರೆ ಎಲ್ಲಾದರೂ ಎರಡನೇ ಸಲ ಬೆಲೆ ಕೊಟ್ಟಿದ್ದರೆ ಕಂಪೈಲರೇ ಹೇಳುತ್ತದೆ. ಇಷ್ಟು ಮಾಡಿದ ಮೇಲೆ ಮೆಥಡ್ ಎಲ್ಲೆಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂಬುದು ಕಣ್ಣಿಗೆ ಕಾಣತೊಡಗುತ್ತದೆ. ಇದು ಇಡೀ ಕೆಲಸದ ಅತ್ಯಂತ ಫಲಕಾರಿ ಭಾಗ ಎಂಬುದು ನನ್ನ ಅಭಿಪ್ರಾಯ.

ಇದೇ ರೀತಿ, ನಿಮ್ಮ ದೊಡ್ಡ ‘ಫಾರ್’ ಲೂಪ್ ಒಂದೇ ಸುತ್ತಿನಲ್ಲಿ ಬೆಲೆ ಲೆಕ್ಕ ಹಾಕುತ್ತದೆ, ತೆರಿಗೆ ಕೂಡಿಸುತ್ತದೆ, ಸ್ಟಾಕ್ ಕಡಿಮೆ ಮಾಡುತ್ತದೆ. ಅದನ್ನು ಮೂರು ಲೂಪ್ ಮಾಡಿದರೆ ಮೂರು ಮೆಥಡ್‌ಗಳು ಸುಲಭವಾಗಿ ಸಿಗುತ್ತವೆ. ಒಂದು ಬಿಲ್ಲಿನಲ್ಲಿ ಇನ್ನೂರು ಸಾಲು ಇದ್ದರೂ, ನೆನಪಿನಲ್ಲೇ ಇರುವ ಪಟ್ಟಿಯನ್ನು ಮೂರು ಸಲ ಸುತ್ತುವುದಕ್ಕೆ ಹಿಡಿಯುವ ಸಮಯ ಒಂದು ಡೇಟಾಬೇಸ್ ಕರೆಯ ಮುಂದೆ ಲೆಕ್ಕಕ್ಕೇ ಬಾರದು.

ಹೊರತೆಗೆಯುವ ಕೆಲಸವನ್ನು ಕೈಯಿಂದ ಕತ್ತರಿಸಿ ಅಂಟಿಸಿ ಮಾಡಬೇಡಿ. ತುಂಡನ್ನು ಆಯ್ದು, ಕೋಡ್ ಬರೆಯುವ ಉಪಕರಣಗಳಾದ ಇಂಟೆಲಿಜೆಯಲ್ಲಿ ಕಂಟ್ರೋಲ್-ಆಲ್ಟ್-ಎಂ, ಎಕ್ಲಿಪ್ಸ್‌ನಲ್ಲಿ ಆಲ್ಟ್-ಶಿಫ್ಟ್-ಎಂ ಒತ್ತಿದರೆ ಉಪಕರಣವೇ ಬೇಕಾದ ಪ್ಯಾರಾಮೀಟರ್‌ಗಳನ್ನು ಲೆಕ್ಕ ಹಾಕಿ ಮೆಥಡ್ ಮಾಡಿಕೊಡುತ್ತದೆ, ಮಾಡಲಾಗದಿದ್ದರೆ ಏಕೆ ಆಗದು ಎಂದು ಹೇಳುತ್ತದೆ. ಅದು ಏಳೆಂಟು ಪ್ಯಾರಾಮೀಟರ್ ಕೇಳಿದರೆ, ಅಥವಾ ಎರಡು ಬೆಲೆಗಳನ್ನು ಒಟ್ಟಿಗೆ ಹಿಂದಿರುಗಿಸಬೇಕಾಗುತ್ತದೆ ಎಂದು ನಿರಾಕರಿಸಿದರೆ, ನೀವು ಆಯ್ದ ಗಡಿ ತಪ್ಪಿರಬಹುದು. ಇಲ್ಲವೇ ಆ ಬೆಲೆಗಳೆಲ್ಲ ಸೇರಿ ಒಂದು ವಸ್ತುವಾಗಬೇಕಾಗಿದ್ದು ಇನ್ನೂ ಆಗಿಲ್ಲದಿರಬಹುದು. ನಿಮ್ಮಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಮೊತ್ತಗಳು ಮೂರು ಬಿಡಿ ವೇರಿಯೇಬಲ್‌ಗಳಾಗಿ ಎಲ್ಲೆಡೆ ಒಟ್ಟಿಗೇ ತಿರುಗುತ್ತಿವೆ. ಅವಕ್ಕೆ ‘ಟ್ಯಾಕ್ಸ್‌ಬ್ರೇಕಪ್’ ಎಂಬ ಪುಟ್ಟ ಕ್ಲಾಸ್ ಮಾಡಿಕೊಟ್ಟರೆ ಮೂರು ಹೊರೆ ಒಂದಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹೊರಗಿನ ಮೆಥಡ್ ಸುಮಾರಾಗಿ ಹೀಗೆ ಕಾಣಬೇಕು:

ಕ್ರಿಯೇಟ್‌ಇನ್‌ವಾಯ್ಸ್(ಆರ್ಡರ್, ಇನ್‌ವಾಯ್ಸ್‌ಡೇಟ್) {
    ಎನ್‌ಶೂರ್‌ಬಿಲ್ಲಬಲ್(ಆರ್ಡರ್);
    ಲೈನ್ಸ್ = ಪ್ರೈಸ್‌ಲೈನ್ಸ್(ಆರ್ಡರ್);
    ಟ್ಯಾಕ್ಸ್ = ಕ್ಯಾಲ್ಕುಲೇಟ್‌ಟ್ಯಾಕ್ಸ್(ಲೈನ್ಸ್, ಪ್ಲೇಸ್‌ಆಫ್‌ಸಪ್ಲೈ(ಆರ್ಡರ್), ಇನ್‌ವಾಯ್ಸ್‌ಡೇಟ್);
    ಇನ್‌ವಾಯ್ಸ್ = ಬಿಲ್ಡ್‌ಇನ್‌ವಾಯ್ಸ್(ಆರ್ಡರ್, ಲೈನ್ಸ್, ಟ್ಯಾಕ್ಸ್);
    ಸೇವ್‌ಇನ್‌ವಾಯ್ಸ್(ಇನ್‌ವಾಯ್ಸ್);
    ರಿಡ್ಯೂಸ್‌ಸ್ಟಾಕ್(ಲೈನ್ಸ್);
}

ಹೊಸದಾಗಿ ತಂಡಕ್ಕೆ ಬಂದವರು ಇದನ್ನು ಓದಿ, ತಮಗೆ ಬೇಕಾದ ಒಂದು ಸಾಲಿನೊಳಗೆ ಮಾತ್ರ ಹೋಗಬಹುದು. ಎಲ್ಲ ಸಾಲುಗಳೂ ಒಂದೇ ಎತ್ತರದಲ್ಲಿ ಮಾತನಾಡುತ್ತಿವೆ ಎಂಬುದನ್ನು ಗಮನಿಸಿ. ಇವುಗಳ ನಡುವೆ ‘ಸಬ್‌ಸ್ಟ್ರಿಂಗ್ ಸೊನ್ನೆಯಿಂದ ಎರಡು’ ಬಂದು ಕುಳಿತರೆ ಓದು ಅಲ್ಲಿಯೇ ಎಡವುತ್ತದೆ. ನಿಮ್ಮಲ್ಲಿ ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಬಳಕೆ ಇರುವುದರಿಂದ ಇನ್ನೊಂದು ಮಾತು: ಇನ್‌ವಾಯ್ಸ್ ಉಳಿಸುವುದು ಮತ್ತು ಸ್ಟಾಕ್ ಇಳಿಸುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯಬೇಕು (ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು), ಹಾಗಾಗಿ ‘ಟ್ರಾನ್ಸಾಕ್ಷನಲ್’ ಗುರುತು ಹೊರಗಿನ ಮೆಥಡ್‌ನ ಮೇಲೆಯೇ ಇರಲಿ. ಹೊಸ ಪ್ರೈವೇಟ್ ಮೆಥಡ್‌ಗಳ ಮೇಲೆ ಅದನ್ನು ಹಾಕಿದರೆ, ಅದೇ ಕ್ಲಾಸ್‌ನ ಒಳಗಿನಿಂದ ಬರುವ ಕರೆ ಸ್ಪ್ರಿಂಗ್ ನಡುವೆ ಇಡುವ ಪ್ರಾಕ್ಸಿಯ (ಮಧ್ಯವರ್ತಿಯ) ಮೂಲಕ ಹೋಗದ ಕಾರಣ, ಆ ಗುರುತು ಇದ್ದೂ ಇಲ್ಲದಂತಾಗುತ್ತದೆ.

ಈಗ ಜಿಎಸ್‌ಟಿ ದರದ ವಿಷಯ. ಡೇವಿಡ್ ಪಾರ್ನಸ್ 1972ರಲ್ಲಿಯೇ ಒಂದು ಪ್ರಬಂಧದಲ್ಲಿ, ಪ್ರೋಗ್ರಾಂ ಅನ್ನು ಅದು ನಡೆಯುವ ಹೆಜ್ಜೆಗಳ ಕ್ರಮದಲ್ಲಿ ವಿಭಾಗಿಸುವುದಕ್ಕಿಂತ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಭಾಗದೊಳಗೆ ಮುಚ್ಚಿಡುವಂತೆ ವಿಭಾಗಿಸುವುದು ಉತ್ತಮ ಎಂದು ವಾದಿಸಿದರು. ಉದ್ದದ ಮೆಥಡ್ ಒಡೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಮೇಲಿನ ಆರು ಹೆಜ್ಜೆ ಓದಲು ಹಿತವಾಗಿವೆ, ನಿಜ; ಆದರೆ ದರದ ಬದಲಾವಣೆ ನಿಮ್ಮನ್ನು ಕಾಡಿದ್ದು ‘ಯಾವ ಸರಕಿಗೆ, ಯಾವ ದಿನ, ಎಷ್ಟು ದರ’ ಎಂಬ ತೀರ್ಮಾನ ಎಲ್ಲ ಹೆಜ್ಜೆಗಳಲ್ಲೂ ಚೆಲ್ಲಿಹೋಗಿದ್ದರಿಂದ. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ದರದಲ್ಲಿದ್ದ ಹೆಚ್ಚಿನ ಸರಕುಗಳು 5 ಅಥವಾ 18ಕ್ಕೆ ಬಂದವು, ಕೆಲವಕ್ಕೆ 40 ಬಂತು. ನಿಮ್ಮ ಮೆಥಡ್‌ನಲ್ಲಿ ‘ದರ 12 ಆಗಿದ್ದರೆ’ ಎಂಬ ಹೋಲಿಕೆ ಲೆಕ್ಕದಲ್ಲಿಯೂ ಇದೆ, ಮುದ್ರಣದ ಸಾರಾಂಶ ಪಟ್ಟಿಯಲ್ಲಿಯೂ ಇದೆ. ಈ ತೀರ್ಮಾನವನ್ನು ‘ರೇಟ್‌ಫಾರ್(ಐಟಂ, ದಿನಾಂಕ)’ ಎಂಬ ಒಂದೇ ಮೆಥಡ್‌ನೊಳಗೆ ತನ್ನಿ. ದಿನಾಂಕ ಎಂದರೆ ಬಿಲ್ ಮಾಡಿದ ದಿನ ಎಂದು ಸರಳವಾಗಿ ಭಾವಿಸಬೇಡಿ. ದರ ಬದಲಾದಾಗ ಪೂರೈಕೆ, ಇನ್‌ವಾಯ್ಸ್, ಹಣ ಪಾವತಿ ಈ ಮೂರೂ ಯಾವಾಗ ನಡೆದವು ಎಂಬುದನ್ನು ಸಿಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಪರಿಗಣಿಸುತ್ತದೆ, ಹಳೆಯ ಬಿಲ್ಲಿನ ಮೇಲಿನ ಕ್ರೆಡಿಟ್ ನೋಟ್‌ಗೆ ಹಳೆಯ ದರವೇ ಅನ್ವಯಿಸುತ್ತದೆ. ಆದ್ದರಿಂದ ಆ ದಿನಾಂಕವನ್ನು ಕಂಡುಹಿಡಿಯುವುದೇ ‘ಟೈಮ್‌ಆಫ್‌ಸಪ್ಲೈ’ ಎಂಬ ಇನ್ನೊಂದು ಮೆಥಡ್. ಇವೆರಡೂ ಇದ್ದಿದ್ದರೆ ಸೆಪ್ಟೆಂಬರ್‌ನಲ್ಲಿ ನಿಮಗೆ ದರದ ಪಟ್ಟಿಗೆ ಹೊಸ ಸಾಲುಗಳನ್ನು ಸೇರಿಸುವಷ್ಟೇ ಕೆಲಸ ಉಳಿಯುತ್ತಿತ್ತು.

ಹೆಸರುಗಳನ್ನು ಎಲ್ಲಿಂದ ತರಬೇಕು ಎಂಬುದಕ್ಕೂ ಇಲ್ಲೇ ಸುಳಿವಿದೆ. ‘ಪ್ಲೇಸ್ ಆಫ್ ಸಪ್ಲೈ’, ‘ಟ್ಯಾಕ್ಸಬಲ್ ವ್ಯಾಲ್ಯೂ’, ‘ರೌಂಡ್ ಆಫ್’ ಇವನ್ನು ನಾನು ಕಟ್ಟಿದ್ದಲ್ಲ. ನಿಮ್ಮ ಗ್ರಾಹಕರ ಅಂಗಡಿಯಲ್ಲಿ ಕುಳಿತ ಲೆಕ್ಕದವರು ದಿನವೂ ಆಡುವ ಮಾತುಗಳು. ಅವರ ಬಾಯಲ್ಲಿರುವ ಹೆಸರೇ ಕೋಡ್‌ನಲ್ಲಿಯೂ ಇದ್ದರೆ, ಅವರು ಫೋನಿನಲ್ಲಿ ತೊಂದರೆ ಹೇಳಿದಾಗ ಯಾವ ಮೆಥಡ್ ತೆರೆಯಬೇಕೆಂಬುದು ನಿಮಗೆ ಆಗಲೇ ಗೊತ್ತಾಗಿರುತ್ತದೆ. ಇದಕ್ಕೆ ವಿರುದ್ಧವಾಗಿ ‘ಪ್ರೊಸೆಸ್‌ಡೇಟಾ’, ‘ಹ್ಯಾಂಡಲ್‌ಇನ್‌ವಾಯ್ಸ್’, ‘ಡೂಕ್ಯಾಲ್ಕುಲೇಷನ್’ ಎಂಬ ಹೆಸರುಗಳು ಏನನ್ನೂ ಹೇಳುವುದಿಲ್ಲ. ಅವನ್ನು ಇಟ್ಟವರಿಗೆ ಆ ತುಂಡಿನ ಉದ್ದೇಶ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ ಎಂದರ್ಥ. ಹೆಸರಿನಲ್ಲಿ ‘ಆ್ಯಂಡ್’ ಬಂದರೆ ಎರಡು ಕೆಲಸ ಒಂದೆಡೆ ಸಿಕ್ಕಿಹಾಕಿಕೊಂಡಿವೆ. ‘ಟ್ರೂ’, ‘ಫಾಲ್ಸ್’ ಎಂಬ ಪ್ಯಾರಾಮೀಟರ್ ಕೊಟ್ಟು ಮೆಥಡ್‌ನ ನಡವಳಿಕೆಯನ್ನೇ ತಿರುಗಿಸುವುದಿದ್ದರೆ, ಅವು ಎರಡು ಮೆಥಡ್‌ಗಳಾಗಬೇಕಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಸುಳ್ಳು ಹೇಳುವ ಹೆಸರು. ನಿಮ್ಮ ಕ್ಲಾಸ್‌ನಲ್ಲಿ ‘ಗೆಟ್‌ನೆಕ್ಸ್ಟ್‌ನಂಬರ್’ ಎಂಬ ಮೆಥಡ್ ಈಗಾಗಲೇ ಇದೆ. ಹೆಸರು ನೋಡಿದರೆ ಕೇಳಿ ತಿಳಿಯುವಷ್ಟೇ ಕೆಲಸ. ಒಳಗೆ ಅದು ಡೇಟಾಬೇಸ್‌ನಲ್ಲಿರುವ ಬಿಲ್ ನಂಬರನ್ನು ಒಂದು ಹೆಚ್ಚಿಸಿ ಬರೆಯುತ್ತದೆ. ಯಾರಾದರೂ ಮುನ್ನೋಟ ತೋರಿಸುವ ಪರದೆಯಲ್ಲಿ ಇದನ್ನು ನಂಬಿ ಕರೆದರೆ ಬಿಲ್ ನಂಬರ್‌ಗಳ ಸರಣಿಯಲ್ಲಿ ತೂತು ಬೀಳುತ್ತದೆ, ಜಿಎಸ್‌ಟಿಯಲ್ಲಿ ಇನ್‌ವಾಯ್ಸ್ ನಂಬರ್‌ಗಳು ಅನುಕ್ರಮವಾಗಿರಬೇಕು. ‘ರಿಸರ್ವ್‌ನೆಕ್ಸ್ಟ್‌ನಂಬರ್’ ಎಂದು ಇಂಟೆಲಿಜೆಯಲ್ಲಿ ಶಿಫ್ಟ್-ಎಫ್6 ಒತ್ತಿ ಇಂದೇ ಬದಲಿಸಿ. ಹೆಸರು ಮೊದಲ ಸಲಕ್ಕೇ ಸರಿಯಾಗಿ ಬರಬೇಕೆಂದಿಲ್ಲ. ತುಂಡು ಹೊರಬಂದು ಕಣ್ಣ ಮುಂದೆ ಒಂಟಿಯಾಗಿ ನಿಂತ ಮೇಲೆ ಇನ್ನೂ ಒಳ್ಳೆಯ ಹೆಸರು ಹೊಳೆಯುವುದು ಸಾಮಾನ್ಯ, ಆಗ ಬದಲಿಸಲು ಹಿಂಜರಿಯಬಾರದು.

ಓಡಾಟ ಹೆಚ್ಚುತ್ತದೆ ಎಂಬ ನಿಮ್ಮ ಸಹೋದ್ಯೋಗಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಒಂದು ಮೆಥಡ್ ಅನ್ನು ಅರ್ಥ ಮಾಡಿಕೊಳ್ಳಲು ಅದು ಕರೆಯುವ ಇನ್ನೊಂದನ್ನು ಓದಲೇಬೇಕು, ಅದನ್ನು ಓದಿದರೆ ಮತ್ತೆ ಮೊದಲನೆಯದಕ್ಕೆ ಬರಲೇಬೇಕು ಎಂದಾದರೆ ಆ ಎರಡನ್ನು ಬೇರ್ಪಡಿಸಿದ್ದೇ ತಪ್ಪು. ಇಂಥ ತುಂಡುಗಳು ಸಾಮಾನ್ಯವಾಗಿ ಕ್ಲಾಸ್‌ನ ಫೀಲ್ಡ್‌ಗಳ (ಅದರ ಎಲ್ಲ ಮೆಥಡ್‌ಗಳೂ ಹಂಚಿಕೊಳ್ಳುವ ವೇರಿಯೇಬಲ್‌ಗಳ) ಮೂಲಕ ಗುಟ್ಟಾಗಿ ಮಾತನಾಡಿಕೊಳ್ಳುತ್ತಿರುತ್ತವೆ: ಒಂದು ಮೆಥಡ್ ಫೀಲ್ಡ್‌ನಲ್ಲಿ ಬರೆದಿಡುತ್ತದೆ, ಮುಂದಿನದು ಅದನ್ನು ಓದಿಕೊಳ್ಳುತ್ತದೆ, ಕರೆಯುವ ಕ್ರಮ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಪ್ಯಾರಾಮೀಟರ್ ಕಡಿಮೆ ಕಾಣಲಿ ಎಂದು ಲೋಕಲ್ ವೇರಿಯೇಬಲ್‌ಗಳನ್ನೆಲ್ಲ ಫೀಲ್ಡ್ ಮಾಡುವವರು ಈ ಗುಂಡಿಗೆ ಬೀಳುತ್ತಾರೆ. ಅಂಥದ್ದನ್ನು ಕಂಡರೆ ಮತ್ತೆ ಒಂದಾಗಿಸಿ. ಇಂಟೆಲಿಜೆಯಲ್ಲಿ ಕಂಟ್ರೋಲ್-ಆಲ್ಟ್-ಎನ್ ಒತ್ತಿ ಮೆಥಡ್ ಅನ್ನು ಅದರ ಕರೆಯ ಜಾಗಕ್ಕೇ ಮರಳಿಸುವುದು ಕೂಡ ರಿಫ್ಯಾಕ್ಟರಿಂಗ್ ಆಗಿದೆ. ನಿಮ್ಮ ಬಿಲ್ ಮುದ್ರಣದ ಭಾಗದಲ್ಲಿ ತಲೆಬರಹ, ವಿಳಾಸ, ಕಾಲಂಗಳು ಎಂದು ನೂರು ಸಾಲು ನೇರವಾಗಿ, ಯಾವ ಕವಲೂ ಇಲ್ಲದೆ ಇಳಿದುಹೋಗಿದೆ. ಅದನ್ನು ಒಟ್ಟಾಗಿ ‘ಲೇಔಟ್‌ಬಿಲ್’ ಎಂದು ಹೊರತೆಗೆದರೆ ಸಾಕು, ಒಳಗೆ ಮತ್ತೆ ಹತ್ತು ಚೂರು ಮಾಡುವುದರಿಂದ ಯಾರಿಗೂ ಲಾಭವಿಲ್ಲ.

ವೇಗದ ಆತಂಕ ಜಾವಾದ ಮಟ್ಟಿಗೆ ಹೆಚ್ಚುಕಡಿಮೆ ತಲೆಕೆಳಗಾದದ್ದು. ಜಾವಾ ಕೋಡ್ ಓಡಿಸುವ ಹಾಟ್‌ಸ್ಪಾಟ್ ವರ್ಚುವಲ್ ಮಷೀನ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ 35 ಬೈಟ್‌ವರೆಗಿನ ಬೈಟ್‌ಕೋಡ್ (ಜಾವಾ ಕಂಪೈಲರ್ ಕೊಡುವ ನಡುವಿನ ರೂಪ) ಇರುವ ಪುಟ್ಟ ಮೆಥಡ್‌ಗಳನ್ನು, ಮತ್ತೆ ಮತ್ತೆ ಕರೆಯಲ್ಪಡುವ ಮೆಥಡ್‌ಗಳಾದರೆ 325 ಬೈಟ್‌ವರೆಗಿನವನ್ನೂ, ಕರೆದ ಜಾಗದಲ್ಲೇ ಹರಡಿ ಬೆಸೆಯಲು ನೋಡುತ್ತದೆ. ಆಗ ಕರೆಯ ಖರ್ಚೇ ಉಳಿಯುವುದಿಲ್ಲ. ಅದೇ ಒಂದು ಮೆಥಡ್‌ನ ಬೈಟ್‌ಕೋಡ್ 8000 ಬೈಟ್ ದಾಟಿದರೆ ಅದನ್ನು ಯಂತ್ರಭಾಷೆಗೆ ಕಂಪೈಲ್ ಮಾಡುವುದನ್ನೇ ಬಿಟ್ಟು, ಎಂದೆಂದಿಗೂ ಇಂಟರ್‌ಪ್ರಿಟರ್‌ನಲ್ಲಿ ನಿಧಾನವಾಗಿ ಓಡಿಸುತ್ತದೆ. ನಿಮ್ಮ ಮೆಥಡ್ ಆ ಗಡಿಯ ಯಾವ ಕಡೆ ಇದೆ ಎಂಬುದನ್ನು ಜಾವಾದ ಜೊತೆಗೇ ಬರುವ ‘ಜಾವಾಪಿ’ ಉಪಕರಣದಿಂದ ನೀವೇ ನೋಡಬಹುದು. ನಿಜವಾಗಿ ಕಾಯಬೇಕಾದದ್ದು ಬೇರೆ: ‘ರೇಟ್‌ಫಾರ್’ ಎಂಬ ಮುಗ್ಧ ಹೆಸರಿನ ಒಳಗೆ ಡೇಟಾಬೇಸ್ ಕರೆ ಅಡಗಿದ್ದು, ಅದನ್ನು ಲೂಪ್‌ನ ಒಳಗೆ ಕರೆದರೆ, ಇನ್ನೂರು ಸಾಲಿನ ಬಿಲ್ಲಿಗೆ ಇನ್ನೂರು ಕ್ವೆರಿ ಹೋಗುತ್ತವೆ. ದರದ ಪಟ್ಟಿಯನ್ನು ಮೊದಲೇ ಒಮ್ಮೆ ಓದಿಕೊಂಡು ಕೊಡಿ.

ಕೊನೆಯದಾಗಿ ಕ್ರಮದ ಬಗ್ಗೆ. ಇದಕ್ಕಾಗಿ ಪ್ರತ್ಯೇಕ ತಿಂಗಳು ಕೇಳಬೇಡಿ, ಸಿಗುವುದೂ ಇಲ್ಲ. ಹಳೆಯ ಬಿಲ್‌ಗಳ ಟೆಸ್ಟ್ ಸಿದ್ಧವಾದ ಮೇಲೆ, ತೆರಿಗೆಗೆ ಸಂಬಂಧಿಸಿದ ಮುಂದಿನ ಕೆಲಸ ಬಂದಾಗ, ಆ ಬದಲಾವಣೆಗೆ ದಾರಿ ಮಾಡಿಕೊಡುವಷ್ಟು ಮಾತ್ರ ಬಿಡಿಸಿ, ಒಂದೊಂದು ಹೊರತೆಗೆಯುವಿಕೆಗೆ ಒಂದೊಂದು ಕಮಿಟ್ ಮಾಡಿ, ಆಮೇಲೆ ಕೆಲಸವನ್ನು ಮಾಡಿ. ರಿವ್ಯೂ ಮಾಡುವ ಹಿರಿಯರಿಗೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ, ವ್ಯತ್ಯಾಸ ತೋರಿಸುವ ಡಿಫ್ ಆಜ್ಞೆಯ ‘ಕಲರ್-ಮೂವ್ಡ್’ ಆಯ್ಕೆಯನ್ನು ತೋರಿಸಿಕೊಡಿ. ಬರೀ ಜಾಗ ಬದಲಿಸಿದ ಸಾಲುಗಳು ಬೇರೆ ಬಣ್ಣದಲ್ಲಿ ಕಾಣುವುದರಿಂದ, ನಿಜವಾಗಿ ಬದಲಾದ ಎರಡು ಮೂರು ಸಾಲುಗಳ ಮೇಲೆ ಅವರು ಗಮನ ಇಡಬಹುದು. ಸ್ಕೀಮ್ ರಿಯಾಯಿತಿಯ ಭಾಗವನ್ನು ಯಾರೂ ವರ್ಷಗಳಿಂದ ಮುಟ್ಟಿಲ್ಲ ಎಂದು ನೀವೇ ಬರೆದಿದ್ದೀರಿ. ಅದು ಎಷ್ಟೇ ಒರಟಾಗಿದ್ದರೂ ಸದ್ಯಕ್ಕೆ ಹಾಗೆಯೇ ಇರಲಿ, ಬಿಟ್ಟುಬಿಡಿ. ತೆರಿಗೆಯ ಭಾಗದಿಂದ ಆರಂಭಿಸಿ, ಅದರಲ್ಲಿಯೂ ಸಾಗಣೆ ವೆಚ್ಚದ ಆ ಎರಡನೇ ಷರತ್ತಿನಿಂದ. ಈಗಾಗಲೇ ಹೋಗಿರುವ ಎಸ್‌ಇಝಡ್ ಬಿಲ್‌ಗಳ ಪಟ್ಟಿಯನ್ನು ಮಾತ್ರ ರಿಫ್ಯಾಕ್ಟರಿಂಗ್‌ಗೆ ಕಾಯದೆ ತೆಗೆದು ನಿಮ್ಮ ಗ್ರಾಹಕರ ಲೆಕ್ಕಪರಿಶೋಧಕರಿಗೆ ಕಳುಹಿಸಿ, ತಪ್ಪು ಶೀರ್ಷಿಕೆಯಡಿ ಕಟ್ಟಿದ ತೆರಿಗೆಯನ್ನು ಸರಿಪಡಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ.